ಸಂಬಳ ಎಷ್ಟು? – ಒಂದು ಹಳೆಯ ಪ್ರಶ್ನೆಯ ಚರಿತ್ರೆ

ಹೆಂಗಸರ ವಯಸ್ಸನ್ನೂ ಗಂಡಸರ ಸಂಬಳವನ್ನೂ ಕೇಳಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹೆಂಗಸರೂ ಆಫೀಸಿಗೆ ಹೋಗಿ ಸಂಬಳ ತರುವ ಈ ಕಾಲದಲ್ಲಿ ಆ ಮಾತನ್ನು ತಿದ್ದಿ ಬರೆಯಬೇಕಾಗಿದೆ. ಆದರೂ ಸಂಬಳ ಕೇಳುವುದು ಮರ್ಯಾದೆಯಲ್ಲವೆಂಬ ಭಾವನೆ ಮಾತ್ರ ನಮ್ಮನ್ನು ಬಿಟ್ಟು ಹೋಗಿಲ್ಲ. ನೆರೆಮನೆಯವರ ಸಂಬಳವನ್ನು ಕೇಳದಿರುವುದು ಸೌಜನ್ಯವೇ ಸರಿ. ಆದರೆ ತಾನೇ ಸೇರಲಿರುವ ಕೆಲಸದ ಸಂಬಳವನ್ನು ಕೇಳುವುದಕ್ಕೂ ನಾಚಬೇಕೆ?

ಈ ಪ್ರಶ್ನೆ ನನ್ನ ತಲೆಯನ್ನು ಹೊಕ್ಕಿದ್ದು ಮೊನ್ನೆ ಒಬ್ಬ ಹುಡುಗನಿಂದ. ನುಂಗಂಬಾಕ್ಕಂನ ನಮ್ಮ ಮನೆಗೆ ಬಂದಿದ್ದ ಆತ ನನ್ನ ಹಳೆಯ ಸ್ನೇಹಿತರೊಬ್ಬರ ಮೊಮ್ಮಗ. ಇಂಜಿನಿಯರಿಂಗ್ ಮುಗಿಸಿ ಎರಡು ವರ್ಷ ಒಂದು ಕಡೆ ದುಡಿದು, ಈಗ ಬೇರೆ ಕೆಲಸ ಹುಡುಕುತ್ತಿದ್ದಾನೆ. ಫೋನಿನಲ್ಲಿ ಒಂದು ಜಾಹೀರಾತನ್ನು ತೋರಿಸಿದ. ವಿದ್ಯಾರ್ಹತೆ, ಅನುಭವ, ಕೆಲಸದ ವೇಳೆ ಎಲ್ಲವನ್ನೂ ವಿಸ್ತಾರವಾಗಿ ಬರೆದಿದ್ದರು. ಸಂಬಳದ ಮುಂದೆ ಮಾತ್ರ ‘ಅರ್ಹರಿಗೆ ಸಂಬಳ ಅಡ್ಡಿಯಲ್ಲ’ ಎಂದಿತ್ತು. ಅದರ ಕೆಳಗೆ ಅರ್ಜಿದಾರನು ತುಂಬಬೇಕಾದ ಎರಡು ಅಂಕಣಗಳು: ‘ಈಗಿನ ಸಂಬಳ’, ‘ನಿರೀಕ್ಷಿಸುವ ಸಂಬಳ’.

“ಅಜ್ಜ, ಅವರು ಎಷ್ಟು ಕೊಡುತ್ತಾರೆಂದು ಹೇಳುವುದಿಲ್ಲ, ನಾನು ಎಷ್ಟು ಕೇಳುತ್ತೇನೆಂದು ಮೊದಲೇ ಹೇಳಬೇಕು. ಕಡಮೆ ಬರೆದರೆ ನನಗೆ ನಷ್ಟ, ಹೆಚ್ಚು ಬರೆದರೆ ಅವರು ಕರೆಯುವುದೇ ಇಲ್ಲ. ಎಷ್ಟು ಬರೆಯಲಿ?” ಎಂದು ಕೇಳಿದ.

ನನಗೆ ಉತ್ತರ ತಿಳಿಯಲಿಲ್ಲ. ಮೂವತ್ತು ಚಿಲ್ಲರೆ ವರ್ಷ ಕೇಂದ್ರ ಸರಕಾರದ ಕೆಲಸ ಮಾಡಿದ ನನಗೆ ಇಂಥ ಇಕ್ಕಟ್ಟು ಬಂದೇ ಇರಲಿಲ್ಲ. ನಾನು ಅರ್ಜಿ ಹಾಕುವುದಕ್ಕೆ ಮೊದಲೇ ನನ್ನ ಸಂಬಳ ಅಚ್ಚಾಗಿತ್ತು. ಮೂರನೆಯ ವೇತನ ಆಯೋಗದ ಶಿಫಾರಸಿನಂತೆ 1973ರಿಂದ ಕೆಳದರ್ಜೆ ಗುಮಾಸ್ತರಿಗೆ ಗೊತ್ತುಪಡಿಸಿದ ವೇತನ ಶ್ರೇಣಿ ಹೀಗಿತ್ತು: 260-6-290-ಇ.ಬಿ.-6-326-8-366-ಇ.ಬಿ.-8-390-10-400. ಹೊರಗಿನವರಿಗೆ ಇದು ಮಂತ್ರದ ಹಾಗೆ ಕೇಳಿಸೀತು. ನಮಗೆ ಅದು ಜಾತಕವಾಗಿತ್ತು. 260 ರೂಪಾಯಿಯ ಮೂಲವೇತನದಿಂದ ಆರಂಭ. ವರ್ಷಕ್ಕೆ 6 ರೂಪಾಯಿ ಏರಿ 290. ಅಲ್ಲಿ ‘ಎಫಿಷಿಯೆನ್ಸಿ ಬಾರ್’ ಎಂಬ ತಡೆ. ಕೆಲಸ ತೃಪ್ತಿಕರವೆಂದು ಮೇಲಿನವರು ಒಪ್ಪಿದರೆ ಆ ತಡೆ ದಾಟಿ ಮುಂದಕ್ಕೆ. ಹೀಗೆ 326, 366, 390 ಎಂದು ಹತ್ತಿ 400 ಮುಟ್ಟುವ ಹೊತ್ತಿಗೆ 20 ವಾರ್ಷಿಕ ಬಡ್ತಿಗಳಾಗಿರುತ್ತಿದ್ದವು. ಇಪ್ಪತ್ತು ವರ್ಷಕ್ಕೆ ಮೂಲವೇತನದಲ್ಲಿ 140 ರೂಪಾಯಿ! ತುಟ್ಟಿಭತ್ಯೆ ಬೇರೆ. ಸಂಬಳ ಕಡಮೆಯೆಂದು ನಾವು ಗೊಣಗದ ದಿನವಿಲ್ಲ. ಆದರೆ ಪಕ್ಕದ ಮೇಜಿನವನಿಗೆ ಗುಟ್ಟಾಗಿ ಹೆಚ್ಚು ಕೊಡುತ್ತಿದ್ದಾರೆಂಬ ಸಂಶಯ ಒಂದು ದಿನವೂ ಬರಲಿಲ್ಲ.

ಒಂದೇ ಊರಿನಲ್ಲಿ ಅಜ್ಜನ ಕಾಲಕ್ಕೆ ಅಚ್ಚಾಗುತ್ತಿದ್ದ ಅಂಕಿ ಮೊಮ್ಮಗನ ಕಾಲಕ್ಕೆ ಏಕೆ ಗುಟ್ಟಾಯಿತು? ಈ ವಿಷಯದಲ್ಲಿ ನಮ್ಮ ಕಾನೂನು ಏನು ಮಾಡಿದೆ, ಏನನ್ನು ಮಾಡದೆ ಬಿಟ್ಟಿದೆ? ಹುಡುಕುತ್ತ ಹೋದಾಗ ಕಂಡ ಸಂಗತಿಗಳನ್ನು ವಾಚಕರ ಮುಂದಿಡುತ್ತಿದ್ದೇನೆ. ಈ ಕಥೆಯಲ್ಲಿ ಮಂಗಳೂರಿನವರೊಬ್ಬರಿಗೆ ದೊಡ್ಡ ಪಾತ್ರವಿದೆಯೆಂಬುದು ನಮಗೆ ಹೆಮ್ಮೆಯ ವಿಷಯ.

ಕಲ್ಲಿನಲ್ಲಿ ಕೊರೆದ ಸಂಬಳ

ಸಂಬಳವನ್ನು ಬಹಿರಂಗವಾಗಿ ಬರೆಯುವುದು ಪಾಶ್ಚಾತ್ಯರಿಂದ ಕಲಿತ ಪದ್ಧತಿಯೇನಲ್ಲ. ಚೆನ್ನೈಗೆ ದೂರವಲ್ಲದ ಕಾಂಚೀಪುರದ ಸೀಮೆಯಲ್ಲಿ, ಪಾಲಾರ್ ನದಿಯ ಸಂಗಮದಲ್ಲಿರುವ ತಿರುಮುಕ್ಕೂಡಲ್ ದೇವಾಲಯದ ಗೋಡೆಯ ಮೇಲೆ ಚೋಳ ದೊರೆ ವೀರರಾಜೇಂದ್ರನ ಕಾಲದ, ಎಂದರೆ 11ನೆಯ ಶತಮಾನದ, ಶಾಸನವೊಂದಿದೆ. ದೇವಾಲಯಕ್ಕೆ ಸೇರಿದ 15 ಹಾಸಿಗೆಗಳ ಆಸ್ಪತ್ರೆಯ ವಿವರ ಅದರಲ್ಲಿ ಬರುತ್ತದೆ. ವೈದ್ಯನಿಗೆ ವರ್ಷಕ್ಕೆ 90 ಕಲಂ ಭತ್ತ ಮತ್ತು 8 ಕಾಸು ಎಂದು ಹೇಳಿ, ಶಸ್ತ್ರಚಿಕಿತ್ಸಕನಿಗೆಷ್ಟು, ಮೂಲಿಕೆ ತರುವವರಿಗೆಷ್ಟು, ರೋಗಿಗಳ ಶುಶ್ರೂಷೆ ಮಾಡುವ ಹೆಂಗಸರಿಗೆಷ್ಟು ಎಂದು ಒಂದೊಂದನ್ನೂ ಕೊರೆಸಿದ್ದಾರೆ.

ಕನ್ನಡ ನಾಡೂ ಹಿಂದೆ ಬಿದ್ದಿರಲಿಲ್ಲ. ಕಲಬುರಗಿ ಜಿಲ್ಲೆಯ ನಾಗಾವಿಯಲ್ಲಿದ್ದ ಘಟಿಕಾಸ್ಥಾನವನ್ನು ಕುರಿತ 1058ರ ಚಾಲುಕ್ಯ ಶಾಸನ ಪ್ರಸಿದ್ಧವಾದದ್ದು. ಅಲ್ಲಿನ ಉಪಾಧ್ಯಾಯರ ಜತೆಗೆ ಆರು ಮಂದಿ ಸರಸ್ವತೀ ಭಂಡಾರಿಗರಿಗೂ, ಎಂದರೆ ಗ್ರಂಥಪಾಲಕರಿಗೂ, ಭೂಮಿಯನ್ನು ಹಂಚಿದ ವಿವರ ಅದರಲ್ಲಿದೆ.

ಇವನ್ನು ಬರೆಸಿದ್ದು ಕೆಲಸಗಾರರ ಹಕ್ಕಿಗಾಗಿ ಎಂದು ನಾನು ಹೇಳುವುದಿಲ್ಲ. ದಾನ ಕೊಟ್ಟವರ ಕೀರ್ತಿ ನಿಲ್ಲಬೇಕು, ದಾನ ದುರುಪಯೋಗವಾಗಬಾರದು ಎಂಬುದೇ ಮುಖ್ಯ ಉದ್ದೇಶ. ಆದರೂ ಪರಿಣಾಮವನ್ನು ನೋಡಿ. ಆ ವೈದ್ಯನ ನಂತರ ಬರುವ ವೈದ್ಯನಿಗೆ 90 ಕಲಂ ಬದಲು 60 ಕೊಟ್ಟು ಸಾಗಹಾಕುವುದು ಸುಲಭವಿರಲಿಲ್ಲ. ಗೋಡೆಯೇ ಸಾಕ್ಷಿ ನಿಂತಿತ್ತು.

ಐದು ಪೌಂಡಿನ ರೈಟರ್

ನುಂಗಂಬಾಕ್ಕಂ ಗ್ರಾಮ ಈಸ್ಟ್ ಇಂಡಿಯಾ ಕಂಪೆನಿಯ ಕೈಗೆ ಬಂದದ್ದು 1708ರಲ್ಲಿ. ಆಗ ಸೇಂಟ್ ಜಾರ್ಜ್ ಕೋಟೆಯಲ್ಲಿ ಕಂಪೆನಿಯ ನೌಕರರಿಗೆ ದರ್ಜೆಗೆ ತಕ್ಕ ಸಂಬಳ ಗೊತ್ತಾಗಿತ್ತು. 1744ರಲ್ಲಿ ರಾಬರ್ಟ್ ಕ್ಲೈವ್ ‘ರೈಟರ್’ ಆಗಿ ಮದರಾಸಿಗೆ ಬಂದಿಳಿದಾಗ ಅವನ ಸಂಬಳ ವರ್ಷಕ್ಕೆ 5 ಪೌಂಡು. ಆದರೆ ಕೋಟೆಯಲ್ಲಿ ಯಾರೂ ಆ ಸಂಬಳವನ್ನೇ ನಂಬಿ ಬದುಕುತ್ತಿರಲಿಲ್ಲ. ಸ್ವಂತ ವ್ಯಾಪಾರ, ಕಾಣಿಕೆ ಇವುಗಳಿಂದ ಬರುತ್ತಿದ್ದುದೇ ನಿಜವಾದ ವರಮಾನ. ಅದು ಮಾತ್ರ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಈ ಕಥೆಯಲ್ಲಿ ಒಂದು ಪಾಠವಿದೆ. ಹೇಳುವ ಅಂಕಿ ಪೂರ್ತಿ ಅಂಕಿಯಾಗಿರಬೇಕು. ಕಾಗದದ ಮೇಲೆ ಒಂದು, ಕೈಗೆ ಬರುವುದು ಇನ್ನೊಂದು ಎಂದಾದರೆ ಪ್ರಕಟಿಸಿದ್ದೂ ಒಂದೇ, ಪ್ರಕಟಿಸದಿದ್ದುದೂ ಒಂದೇ. ಇಂದು ಖಾಸಗಿ ಕಂಪೆನಿಗಳು ಹೇಳುವ ‘ಸಿ.ಟಿ.ಸಿ.’ ಎಂಬ ದೊಡ್ಡ ಮೊತ್ತಕ್ಕೂ ತಿಂಗಳ ಕೊನೆಗೆ ಬ್ಯಾಂಕಿಗೆ ಬೀಳುವ ಹಣಕ್ಕೂ ಇರುವ ಅಂತರವನ್ನು ನಮ್ಮ ಮಕ್ಕಳನ್ನು ಕೇಳಿದರೆ ಹೇಳುತ್ತಾರೆ.

ಗೋಡೆಯ ಮೇಲಿನ ನೋಟೀಸು

ಗಿರಣಿಗಳು ಬಂದ ಮೇಲೆ ಸಂಬಳದ ಪ್ರಶ್ನೆ ಬೇರೆ ರೂಪ ತಾಳಿತು. 1918ರ ಏಪ್ರಿಲ್‌ನಲ್ಲಿ ಮದರಾಸಿನ ಪೆರಂಬೂರಿನಲ್ಲಿ ಬಿ. ಪಿ. ವಾಡಿಯಾ ಅವರ ಅಧ್ಯಕ್ಷತೆಯಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿತು. ಭಾರತದ ಮೊದಲ ಸುಸಂಘಟಿತ ಕಾರ್ಮಿಕ ಸಂಘವೆಂದು ಅದಕ್ಕೆ ಹೆಸರಿದೆ. ಮುಂದೆ 1929ರಲ್ಲಿ ನೇಮಕವಾದ ವಿಟ್ಲಿ ಅಧ್ಯಕ್ಷತೆಯ ರಾಯಲ್ ಕಮಿಷನ್ ಕಾರ್ಮಿಕರ ಸ್ಥಿತಿಗತಿಗಳನ್ನು ವಿಚಾರಿಸಿ 1931ರಲ್ಲಿ ವರದಿ ಕೊಟ್ಟಿತು. ಅದರ ನಂತರ ಬಂದದ್ದು 1936ರ ವೇತನ ಪಾವತಿ ಕಾಯಿದೆ. ಸಂಬಳವನ್ನು ಕಾಲಕ್ಕೆ ಸರಿಯಾಗಿ ಕೊಡಬೇಕು. ಮನಬಂದಂತೆ ದಂಡ ಹಾಕಿ ಮುರಿದುಕೊಳ್ಳಬಾರದು. ಕಾಯಿದೆಯ ಸಾರಾಂಶವನ್ನು ಇಂಗ್ಲಿಷಿನಲ್ಲಿಯೂ ಹೆಚ್ಚಿನ ಕೆಲಸಗಾರರ ಭಾಷೆಯಲ್ಲಿಯೂ ಕಾರ್ಖಾನೆಯೊಳಗೆ ತೂಗಹಾಕಬೇಕು ಎಂದು ಅದು ವಿಧಿಸಿತು. 1948ರ ಕನಿಷ್ಠ ವೇತನ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಗೊತ್ತುಪಡಿಸಿದ ಉದ್ಯೋಗಗಳಲ್ಲಿ ಕನಿಷ್ಠ ದರ ಎಷ್ಟೆಂಬುದನ್ನೇ ನೋಟೀಸಿನಲ್ಲಿ ಹಾಕುವ ಪದ್ಧತಿ ಬಂತು.

ಇವೆಲ್ಲ ಒಳ್ಳೆಯ ಕಾನೂನುಗಳೇ. ಆದರೆ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನೋಟೀಸು ಇದ್ದದ್ದು ಒಳಗಿನ ಗೋಡೆಯ ಮೇಲೆ. ಕೆಲಸಕ್ಕೆ ಸೇರಿದವನು ಅದನ್ನು ಓದಬಹುದಿತ್ತು. ಗೇಟಿನ ಹೊರಗೆ ನಿಂತು ಕೆಲಸ ಕೇಳುವವನಿಗೆ ಅದು ಕಾಣುತ್ತಿರಲಿಲ್ಲ. ಅಲ್ಲದೆ ಕನಿಷ್ಠ ದರವೆಂಬುದು ನೆಲ ಮಾತ್ರ. ಅದರ ಮೇಲೆ ಎಷ್ಟು ಮೆಟ್ಟಿಲುಗಳಿವೆ ಎಂಬುದನ್ನು ಅದು ಹೇಳುವುದಿಲ್ಲ.

ಮಂಗಳೂರಿನ ಶಿವರಾವ್

ಗೇಟಿನ ಹೊರಗೆ ನಿಂತವನ ವಿಷಯವನ್ನು ವಿಚಾರಿಸಲು ನೇಮಕವಾದ ಸಮಿತಿಯ ಅಧ್ಯಕ್ಷರು ಬೆನಗಲ್ ಶಿವರಾವ್. 1891ರಲ್ಲಿ ಮಂಗಳೂರಿನಲ್ಲಿ ಜನಿಸಿದ ಇವರು, ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗರಾವ್ ಮತ್ತು ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ಬೆನಗಲ್ ರಾಮರಾವ್ ಇವರ ಸಹೋದರರು. ಅಣ್ಣತಮ್ಮಂದಿರು ಐ.ಸಿ.ಎಸ್. ಸೇರಿದರೆ ಶಿವರಾವ್ ಮದರಾಸಿನಲ್ಲಿ ಆನಿ ಬೆಸೆಂಟರ ಬಳಗಕ್ಕೆ ಸೇರಿ ಕಾರ್ಮಿಕ ಸಂಘಟನೆಗೆ ಇಳಿದರು. 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಕಾರ್ಮಿಕರ ಪ್ರತಿನಿಧಿಗಳಲ್ಲಿ ಒಬ್ಬರಾಗಿ ಹೋದರು. ಭಾರತದ ಕೈಗಾರಿಕಾ ಕಾರ್ಮಿಕನನ್ನು ಕುರಿತು 1939ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಪತ್ರಕರ್ತರಾಗಿ ದೆಹಲಿಯಲ್ಲಿದ್ದು ‘ದಿ ಹಿಂದೂ’ ಪತ್ರಿಕೆಗೆ ಬರೆಯುತ್ತಿದ್ದ ಇವರು, 1952ರ ಮೊದಲ ಮಹಾಚುನಾವಣೆಯಲ್ಲಿ ದಕ್ಷಿಣ ಕನ್ನಡದಿಂದ ಲೋಕಸಭೆಗೆ ಆರಿಸಿ ಬಂದರು. ಆಗ ದಕ್ಷಿಣ ಕನ್ನಡ ಮದರಾಸು ರಾಜ್ಯದ ಒಂದು ಜಿಲ್ಲೆಯಾಗಿತ್ತೆಂಬುದನ್ನು ಹೊಸ ತಲೆಮಾರಿನವರಿಗೆ ನೆನಪಿಸಬೇಕು.

ನಮ್ಮ ದೇಶದಲ್ಲಿ ಉದ್ಯೋಗ ವಿನಿಮಯ ಕಚೇರಿಗಳು, ಎಂದರೆ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜುಗಳು, 1945ರಲ್ಲಿ ವ್ಯವಸ್ಥಿತವಾಗಿ ಆರಂಭವಾದವು. ಎರಡನೆಯ ಮಹಾಯುದ್ಧ ಮುಗಿದು ಸೈನ್ಯದಿಂದ ಬಿಡುಗಡೆಯಾದವರಿಗೆ ಕೆಲಸ ದೊರಕಿಸುವುದು ಮೊದಲ ಉದ್ದೇಶ. ಬಳಿಕ ಬಾಗಿಲನ್ನು ಎಲ್ಲರಿಗೂ ತೆರೆದರು. ಆದರೆ ಖಾಲಿ ಇರುವ ಕೆಲಸಗಳನ್ನು ಮಾಲಿಕರು ತಿಳಿಸಿದರೆ ತಾನೇ ಕಚೇರಿಗೆ ಕೆಲಸ? ಈ ವ್ಯವಸ್ಥೆಯನ್ನೆಲ್ಲ ಪರಿಶೀಲಿಸಲು 1952ರಲ್ಲಿ ಶಿವರಾವ್ ಸಮಿತಿ ನೇಮಕವಾಯಿತು. ಕಚೇರಿಗಳ ದಿನನಿತ್ಯದ ಆಡಳಿತವನ್ನು ರಾಜ್ಯಗಳಿಗೆ ವಹಿಸಬೇಕು; ಖಾಲಿ ಸ್ಥಾನಗಳನ್ನು ಮಾಲಿಕರು ಕಡ್ಡಾಯವಾಗಿ ಈ ಕಚೇರಿಗಳಿಗೆ ತಿಳಿಸುವಂತೆ ಮಾಡಬೇಕು ಎಂಬುದು ಸಮಿತಿಯ ಶಿಫಾರಸುಗಳಲ್ಲಿ ಮುಖ್ಯವಾದವು.

ಮೊದಲನೆಯದು 1956ರ ನವೆಂಬರ್ 1ರಂದು ಜಾರಿಗೆ ಬಂತು. ಆ ದಿನವನ್ನು ಕನ್ನಡಿಗರು ಮರೆಯುವಂತಿಲ್ಲ. ಅಂದೇ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು, ಕಾಸರಗೋಡು ಕೇರಳಕ್ಕೆ ಹೋಯಿತು, ಮದರಾಸಿನಲ್ಲಿದ್ದ ನಾವು ಹೊರನಾಡಿನವರಾದೆವು. ಎರಡನೆಯ ಶಿಫಾರಸು 1959ರಲ್ಲಿ ಕಾಯಿದೆಯಾಯಿತು.

ಅಡ್ಡಗೋಡೆಯ ಮೇಲಿನ ದೀಪ

‘ಉದ್ಯೋಗ ವಿನಿಮಯ ಕಚೇರಿಗಳು (ಖಾಲಿ ಸ್ಥಾನಗಳ ಕಡ್ಡಾಯ ಸೂಚನೆ) ಕಾಯಿದೆ’ ಎಂಬ ಉದ್ದ ಹೆಸರಿನ, 1959ರ 31ನೆಯ ಸಂಖ್ಯೆಯ ಈ ಕಾಯಿದೆ 1960ರ ಮೇ 1ರಿಂದ ಜಾರಿಗೆ ಬಂತು. ಸರಕಾರಿ ಸಂಸ್ಥೆಗಳಿಗೂ, 25 ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವ ಖಾಸಗಿ ಸಂಸ್ಥೆಗಳಿಗೂ ಅದು ಅನ್ವಯಿಸುತ್ತಿತ್ತು. ಅದರ ಕೆಳಗೆ 1960ರಲ್ಲಿ ಮಾಡಿದ ನಿಯಮಗಳನ್ನು ಓದುವಾಗ ನನಗೆ ಆಶ್ಚರ್ಯವಾಯಿತು. ಮಾಲಿಕನು ಕಚೇರಿಗೆ ತಿಳಿಸಬೇಕಾದ ವಿವರಗಳ ಪಟ್ಟಿಯಲ್ಲಿ ಹುದ್ದೆಯ ಹೆಸರು, ಕೆಲಸದ ಸ್ವರೂಪ, ವಿದ್ಯಾರ್ಹತೆ, ವಯೋಮಿತಿ, ಹೆಂಗಸರು ಅರ್ಹರೇ ಎಂಬುದು, ಕೆಲಸದ ಸ್ಥಳ ಇವುಗಳ ಜತೆಗೆ ‘ವೇತನ ಮತ್ತು ಭತ್ಯೆ’ ಎಂದೂ ಇತ್ತು. ಕ್ಲೈವ್‌ನ ಕಥೆಯ ಪಾಠವನ್ನು ಕಲಿತವರಂತೆ ಬರಿಯ ವೇತನವೆನ್ನದೆ ಭತ್ಯೆಯನ್ನೂ ಸೇರಿಸಿದ್ದರು. ಕೆಲಸಕ್ಕೆ ಜನ ಬೇಕಾದಾಗ ಸಂಬಳವನ್ನು ಮೊದಲೇ ಬರೆದು ತಿಳಿಸು ಎಂದು ಖಾಸಗಿ ಮಾಲಿಕನಿಗೂ ಹೇಳಿದ ಕಾನೂನು ನಮ್ಮಲ್ಲಿ ಅರವತ್ತು ವರ್ಷಗಳಿಗೂ ಹಿಂದೆಯೇ ಇತ್ತು!

ಹಾಗಾದರೆ ಎಲ್ಲಿ ಎಡವಿತು? ಮೊದಲನೆಯದಾಗಿ, ಆ ಅಂಕಿಯನ್ನು ತಿಳಿಸಬೇಕಾದದ್ದು ಉದ್ಯೋಗ ವಿನಿಮಯ ಕಚೇರಿಗೆ. ಊರಿಗೆಲ್ಲ ಕಾಣುವಂತೆ ಪ್ರಕಟಿಸಬೇಕೆಂದು ಕಾಯಿದೆ ಹೇಳಲಿಲ್ಲ. ಮಾಲಿಕನು ಬೇರೆಯಾಗಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರೆ ಅದರಲ್ಲಿ ಸಂಬಳವನ್ನು ಬಿಡಬಹುದಿತ್ತು. ಎರಡನೆಯದಾಗಿ, ಕಚೇರಿಯ ಮೂಲಕವೇ ಜನರನ್ನು ತೆಗೆದುಕೊಳ್ಳಬೇಕೆಂಬ ಕಟ್ಟುಪಾಡು ಇಲ್ಲವೆಂದು ಕಾಯಿದೆಯೇ ಸ್ಪಷ್ಟಪಡಿಸಿತ್ತು. 1987ರಲ್ಲಿ ಸುಪ್ರೀಂ ಕೋರ್ಟೂ ಹರಗೋಪಾಲ್ ಮೊಕದ್ದಮೆಯಲ್ಲಿ ಇದನ್ನೇ ಹೇಳಿತು. ತಿಳಿಸುವುದು ಕಡ್ಡಾಯ, ತೆಗೆದುಕೊಳ್ಳುವುದು ಐಚ್ಛಿಕ. ಹೀಗಾಗಿ ಎಷ್ಟೋ ಕಡೆ ತಿಳಿಸುವ ಕೆಲಸ ಬರಿಯ ಕಾಗದದ ಶಾಸ್ತ್ರವಾಯಿತು. ತಪ್ಪಿದವರಿಗೆ ಮೊದಲ ಸಲ 500 ರೂಪಾಯಿವರೆಗೆ, ಮತ್ತೆ ತಪ್ಪಿದರೆ 1000 ರೂಪಾಯಿವರೆಗೆ ದಂಡ. 1960ರಲ್ಲಿ ಅದು ದೊಡ್ಡ ಮೊತ್ತವಿರಬಹುದು. ಅಂಕಿ ಅಲ್ಲೇ ನಿಂತಿತು, ರೂಪಾಯಿಯ ಬೆಲೆ ನಿಲ್ಲಲಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ತಿಂಗಳಿಗೆ 60 ರೂಪಾಯಿಗಿಂತ ಕಡಮೆ ಸಂಬಳದ ಕೆಲಸಗಳಿಗೆ ಕಾಯಿದೆ ಅನ್ವಯಿಸುತ್ತಿರಲಿಲ್ಲ. ಮನೆಗೆಲಸದವರು, ಬೇಸಾಯದ ಕೂಲಿಗಳು, ಆಫೀಸಿನ ಜವಾನ, ಕಾವಲುಗಾರ, ಕಸ ಗುಡಿಸುವವರು ಇವರೂ ಹೊರಗೆ. 25 ಮಂದಿಗಿಂತ ಕಡಮೆ ಇರುವ ಅಂಗಡಿ, ಹೋಟೆಲು, ಕ್ಲಬ್ಬುಗಳೂ ಹೊರಗೆ. ಸಂಬಳ ಎಷ್ಟೆಂದು ಕೇಳುವ ಧೈರ್ಯ ಯಾರಿಗೆ ಅತ್ಯಂತ ಕಡಮೆಯೋ ಅವರನ್ನೇ ಹೊರಗಿಟ್ಟು ಬಾಗಿಲು ಹಾಕಿದಂತಾಯಿತು. ದೀಪ ಹಚ್ಚಿದ್ದು ನಿಜ. ಇಟ್ಟದ್ದು ಅಡ್ಡಗೋಡೆಯ ಮೇಲೆ.

ನಡುವಿನವರ ಕತ್ತಲೆ

ಮುಂದಿನ ವರ್ಷಗಳಲ್ಲಿ ಬೆಳಕು ಅಲ್ಲಲ್ಲಿ ಬಿತ್ತು. 1976ರಲ್ಲಿ ಸಮಾನ ವೇತನ ಕಾಯಿದೆ ಬಂತು. ಮುಂಬಯಿಯ ಸ್ಟೆನೋಗ್ರಾಫರ್ ಆಡ್ರಿ ಡಿಕೋಸ್ಟಾ ಅವರು ಮ್ಯಾಕಿನನ್ ಮೆಕೆಂಜಿ ಕಂಪೆನಿಯ ಮೇಲೆ ಹೂಡಿದ ದಾವೆಯಲ್ಲಿ 1987ರಲ್ಲಿ ಸುಪ್ರೀಂ ಕೋರ್ಟು, ಗಂಡು ಸ್ಟೆನೋಗ್ರಾಫರಿಗೆ ಒಂದು, ಹೆಣ್ಣು ಸ್ಟೆನೋಗ್ರಾಫರಿಗೆ ಅದಕ್ಕಿಂತ ಕಡಮೆ ಎಂಬುದು ಸಲ್ಲದೆಂದು ತೀರ್ಪು ಕೊಟ್ಟಿತು. ಅಲ್ಲಿ ಇಬ್ಬರ ಸಂಬಳವೂ ಲೆಕ್ಕಕ್ಕೆ ಸಿಕ್ಕಿದ್ದರಿಂದಲೇ ಆ ದಾವೆ ನಿಂತಿತು. ಪಕ್ಕದವನಿಗೆ ಎಷ್ಟೆಂದು ತಿಳಿಯದಿದ್ದರೆ ಸಮಾನ ವೇತನದ ಹಕ್ಕು ಇದ್ದೂ ಇಲ್ಲದಂತೆ. 1996ರಲ್ಲಿ ಆಂಧ್ರದ ಕೃಷ್ಣಾ ಜಿಲ್ಲೆಯ ಮೊಕದ್ದಮೆಯೊಂದರಲ್ಲಿ ಅದೇ ನ್ಯಾಯಾಲಯ, ಉದ್ಯೋಗ ವಿನಿಮಯ ಕಚೇರಿಗೆ ತಿಳಿಸಿದರೆ ಸಾಲದು, ಪತ್ರಿಕೆಗಳಲ್ಲಿಯೂ ಪ್ರಕಟಿಸಿ ಎಲ್ಲ ಅರ್ಹರಿಗೂ ಅವಕಾಶ ಕೊಡಬೇಕೆಂದಿತು. ಆದರೆ ಅದು ಸರಕಾರಿ ನೇಮಕಾತಿಯ ಮಾತು. 2005ರ ಮಾಹಿತಿ ಹಕ್ಕು ಕಾಯಿದೆ, ಸಾರ್ವಜನಿಕ ಕಚೇರಿಗಳು ತಮ್ಮ ಪ್ರತಿಯೊಬ್ಬ ನೌಕರನ ಮಾಸಿಕ ವೇತನವನ್ನು ತಾವಾಗಿಯೇ ಪ್ರಕಟಿಸಬೇಕೆಂದಿತು. 2013ರ ಕಂಪೆನಿ ಕಾಯಿದೆ, ಷೇರುಪೇಟೆಯಲ್ಲಿರುವ ಕಂಪೆನಿಗಳು ತಮ್ಮ ನಿರ್ದೇಶಕರ ಸಂಬಳ ನಡುಮಟ್ಟದ ನೌಕರನ ಸಂಬಳದ ಎಷ್ಟು ಪಟ್ಟು ಎಂಬುದನ್ನು ವರದಿಯಲ್ಲಿ ತೋರಿಸಬೇಕೆಂದಿತು.

ಒಟ್ಟಿನಲ್ಲಿ ಚಿತ್ರ ಹೀಗಿದೆ. ಅತ್ಯಂತ ಮೇಲಿನವರ ಸಂಬಳ ವಾರ್ಷಿಕ ವರದಿಯಲ್ಲಿದೆ. ಅತ್ಯಂತ ಕೆಳಗಿನವರ ಕನಿಷ್ಠ ದರ ನೋಟೀಸಿನಲ್ಲಿದೆ. ಸರಕಾರಿ ನೌಕರನ ಸಂಬಳ ಊರಿಗೆಲ್ಲ ಗೊತ್ತಿದೆ. ಖಾಸಗಿ ಸಂಸ್ಥೆಯ ನಡುವಿನವನದು ಮಾತ್ರ ಕತ್ತಲೆಯಲ್ಲಿದೆ. ನಮ್ಮ ಮನೆಯ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಇರುವುದು ಅಲ್ಲೇ.

ನುಂಗಂಬಾಕ್ಕಂನಲ್ಲಿಯೇ ನಿಂತು ನೋಡಿದರೆ ಇದರ ವಿಚಿತ್ರ ಕಾಣುತ್ತದೆ. ಹೈರೋಡಿನ ಮೇಲೆ ಆದಾಯ ತೆರಿಗೆಯವರ ದೊಡ್ಡ ಕಚೇರಿ. ತೆರಿಗೆ ಕಟ್ಟುವವನ ಸಂಬಳ ಪೈಸೆಯವರೆಗೆ ಆ ಇಲಾಖೆಗೆ ಗೊತ್ತು. ಅಲ್ಲಿಂದ ನಡೆದುಹೋಗುವಷ್ಟು ದೂರದಲ್ಲಿ, ಹ್ಯಾಡೋಸ್ ರಸ್ತೆಯ ಶಾಸ್ತ್ರಿ ಭವನದಲ್ಲಿ ಕೇಂದ್ರ ಕಾರ್ಮಿಕ ಇಲಾಖೆಯ ಕಚೇರಿ. ಇವೆರಡರ ನಡುವೆ ಕೆಲಸಕ್ಕಾಗಿ ಓಡಾಡುವ ಹುಡುಗನಿಗೆ ತಾನು ಅರ್ಜಿ ಹಾಕಿದ ಹುದ್ದೆಯ ಸಂಬಳ ಗೊತ್ತಿಲ್ಲ.

2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1936, 1948 ಮತ್ತು 1976ರ ಕಾಯಿದೆಗಳ ಜಾಗದಲ್ಲಿ ಈಗ ವೇತನ ಸಂಹಿತೆ. 1959ರ ಕಾಯಿದೆಯ ಜಾಗದಲ್ಲಿ ಸಾಮಾಜಿಕ ಭದ್ರತಾ ಸಂಹಿತೆಯ ಒಂದು ಅಧ್ಯಾಯ; ಉದ್ಯೋಗ ವಿನಿಮಯ ಕಚೇರಿಗೆ ಅಲ್ಲಿ ‘ವೃತ್ತಿ ಕೇಂದ್ರ’ವೆಂಬ ಹೊಸ ಹೆಸರು. ಪ್ರತಿಯೊಬ್ಬ ನೌಕರನಿಗೂ ನೇಮಕಪತ್ರ ಕೊಡಬೇಕೆಂದು ಇನ್ನೊಂದು ಸಂಹಿತೆ ಹೇಳುತ್ತದೆ. ಇದು ಸ್ವಾಗತಾರ್ಹ. ಆದರೆ ನೇಮಕಪತ್ರ ಬರುವುದು ಮಾತುಕತೆ ಮುಗಿದ ಮೇಲೆ. ಖಾಸಗಿ ಮಾಲಿಕನು ಜಾಹೀರಾತಿನಲ್ಲಿ ವೇತನ ಶ್ರೇಣಿಯನ್ನು ಹೇಳಲೇಬೇಕೆಂಬ ಕಾನೂನು ಭಾರತದಲ್ಲಿ ಇಲ್ಲ.

ಹೊರದೇಶಗಳಲ್ಲಿ

ನಮ್ಮ ಮಕ್ಕಳು ನೆಲೆಸಿರುವ ಹೊರದೇಶಗಳಲ್ಲಿ ಈ ಮಾತು ಈಗ ಕಾನೂನಾಗುತ್ತಿದೆ. ಆಸ್ಟ್ರಿಯಾ ದೇಶ 2011ರಲ್ಲಿಯೇ ಉದ್ಯೋಗದ ಜಾಹೀರಾತಿನಲ್ಲಿ ಕನಿಷ್ಠ ಸಂಬಳವನ್ನು ಹೇಳಬೇಕೆಂದು ವಿಧಿಸಿತು. ಅಮೆರಿಕದ ಕೊಲರಾಡೋ ರಾಜ್ಯದಲ್ಲಿ 2021ರ ಜನವರಿ 1ರಿಂದ ಜಾಹೀರಾತಿನಲ್ಲಿ ವೇತನ ಶ್ರೇಣಿ ಕಡ್ಡಾಯವಾಯಿತು. ನ್ಯೂಯಾರ್ಕ್ ನಗರ 2022ರ ನವೆಂಬರಿನಲ್ಲಿಯೂ, ಕ್ಯಾಲಿಫೋರ್ನಿಯಾ ಮತ್ತು ವಾಷಿಂಗ್ಟನ್ ರಾಜ್ಯಗಳು 2023ರ ಆರಂಭದಲ್ಲಿಯೂ ಅದೇ ದಾರಿ ಹಿಡಿದವು. ಯೂರೋಪಿಯನ್ ಒಕ್ಕೂಟ 2023ರಲ್ಲಿ ಹೊರಡಿಸಿದ ನಿರ್ದೇಶನದಂತೆ, ಅರ್ಜಿದಾರನಿಗೆ ಆರಂಭದ ಸಂಬಳವನ್ನೋ ಅದರ ಶ್ರೇಣಿಯನ್ನೋ ಮುಂಚಿತವಾಗಿ ತಿಳಿಸಬೇಕು. ಹಿಂದಿನ ಸಂಬಳ ಎಷ್ಟಿತ್ತೆಂದು ಅವನನ್ನು ಕೇಳಬಾರದು. ಸದಸ್ಯ ದೇಶಗಳು ಇದನ್ನು ತಮ್ಮ ಕಾನೂನಿನಲ್ಲಿ ತರಲು ಕೊಟ್ಟ ಗಡುವು 2026ರ ಜೂನ್ 7.

ಕಾನೂನು ಬಂದೊಡನೆ ಎಲ್ಲವೂ ಸರಿಹೋಯಿತೆಂದಲ್ಲ. ಕೊಲರಾಡೋದಲ್ಲಿ ಕೆಲವು ಕಂಪೆನಿಗಳು, ಮನೆಯಿಂದ ಮಾಡುವ ಕೆಲಸಗಳಿಗೆ ಆ ರಾಜ್ಯದವರು ಅರ್ಜಿ ಹಾಕಬಾರದೆಂದೇ ಜಾಹೀರಾತು ಕೊಟ್ಟವು. ಇನ್ನು ಕೆಲವು ಕಡೆ ಆನೆ ಹಾಯುವಷ್ಟು ಅಗಲದ ಶ್ರೇಣಿಗಳನ್ನು ಬರೆದರು. ಇದಕ್ಕೆ ಕೆನಡಾದ ಒಂಟೇರಿಯೋ ಪ್ರಾಂತ್ಯ ಒಂದು ಉಪಾಯ ಮಾಡಿದೆ. 2026ರ ಜನವರಿ 1ರಿಂದ ಅಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ ಶ್ರೇಣಿಯ ಮೇಲಿನ ಅಂಕಿಗೂ ಕೆಳಗಿನ ಅಂಕಿಗೂ ವರ್ಷಕ್ಕೆ 50,000 ಡಾಲರಿಗಿಂತ ಹೆಚ್ಚು ಅಂತರವಿರಕೂಡದು. ಆ ನಿಯಮ ಅನ್ವಯಿಸುವುದು 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ. ನಮ್ಮ 1959ರ ಕಾಯಿದೆಯ ಅಂಕಿಯೂ ಇಪ್ಪತ್ತೈದೇ! ಅವರು ಅಂಕಿಯನ್ನು ಅರ್ಜಿದಾರನ ಕೈಗೆ ಕೊಟ್ಟರು. ನಾವು ಕಚೇರಿಯ ಫೈಲಿಗೆ ಕೊಟ್ಟಿದ್ದೆವು. ವ್ಯತ್ಯಾಸವೆಲ್ಲ ಇಷ್ಟೇ, ಆದರೆ ಇದು ಸಣ್ಣ ವ್ಯತ್ಯಾಸವಲ್ಲ.

ನಮ್ಮ ಮನೆಯ ಮಾತು

ಕಾನೂನಿನ ಕಥೆ ಇಲ್ಲಿಗೆ ಸಾಕು. ಕೊನೆಗೆ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು.

1980ರ ಸುಮಾರಿಗೆ ಊರಿನಿಂದ, ಕುಂದಾಪುರದ ಕಡೆಯ ಒಬ್ಬ ಹುಡುಗನನ್ನು ಮದರಾಸಿಗೆ ಕರೆತಂದು ಪರಿಚಯದವರೊಬ್ಬರ ಅಂಗಡಿಗೆ ಸೇರಿಸಿದೆ. ಅವನ ತಾಯಿ, “ಸಂಬಳ ಎಷ್ಟು ಕೊಡುತ್ತಾರೆ ಮಾರಾಯ್ರೆ?” ಎಂದು ಕೇಳಿದ್ದಳು. “ನಮ್ಮವರೇ ಅಮ್ಮ, ಸಂಬಳದ ಮಾತು ಆಮೇಲೆ ನೋಡುವಾ, ಮೊದಲು ಹೋಗಿ ಸೇರಲಿ” ಎಂದು ನಾನೇ ಹೇಳಿದೆ. ಊಟ, ವಸತಿ ಅಲ್ಲೇ ಆಯಿತು. ತಿಂಗಳುಗಳು ಕಳೆದವು. ಹುಡುಗ ಸಂಕೋಚದಿಂದ ಕೇಳಲಿಲ್ಲ. ದಾಕ್ಷಿಣ್ಯದಿಂದ ನಾನೂ ಕೇಳಲಿಲ್ಲ. ದೀಪಾವಳಿಗೆ ಊರಿಗೆ ಹೊರಟಾಗ ಅವನ ಕೈಗೆ ಬಂದದ್ದು ರೈಲು ಚಾರ್ಜು ಕಳೆದು ತಾಯಿಗೊಂದು ಸೀರೆ ಕೊಳ್ಳುವಷ್ಟೂ ಇರಲಿಲ್ಲ. ಹೋದವನು ಮರಳಿ ಬರಲಿಲ್ಲ. ಆ ಅಂಗಡಿಯವರು ಕೆಟ್ಟವರಲ್ಲ. ಎಷ್ಟೆಂದು ಮೊದಲೇ ಮಾತಾಗಿದ್ದರೆ ಅಷ್ಟನ್ನು ಕೊಡುತ್ತಿದ್ದರೇನೋ. ಮಾತಾಗದಂತೆ ಮಾಡಿದವನು ನಾನು. ಅದೇ ಹೊತ್ತಿನಲ್ಲಿ ನನ್ನ ಸಂಬಳದ ಇಪ್ಪತ್ತು ವರ್ಷದ ಲೆಕ್ಕ ನನ್ನ ನಾಲಗೆಯ ತುದಿಯಲ್ಲಿತ್ತು.

ನಮ್ಮ ಸಮಾಜದಲ್ಲಿ ಪರಿಚಯದ ಮೇಲೆ ಕೆಲಸ ಸಿಗುವುದು ಹಳೆಯ ರೂಢಿ. ಅದರಿಂದ ಸಾವಿರಾರು ಜನರಿಗೆ ಅನ್ನ ಸಿಕ್ಕಿದೆ, ನಿಜ. ಆದರೆ ‘ನಮ್ಮವರು’ ಎಂಬ ಮಾತಿನ ಮರೆಯಲ್ಲಿ ಅಂಕಿ ಅಡಗಿಹೋಗುತ್ತದೆ. ಬಾಯಿ ಬಿಟ್ಟರೆ ಬಣ್ಣಗೇಡೆಂದು ಹುಡುಗರು ಸುಮ್ಮನಾಗುತ್ತಾರೆ.

ಸಂಸ್ಕೃತದಲ್ಲಿ ‘ಶಂಬಲ’ ಎಂದರೆ ದಾರಿಯ ಬುತ್ತಿ. ನಮ್ಮ ಸಂಬಳವೂ ತಮಿಳರ ಸಂಬಳವೂ ಆ ಮಾತಿಗೆ ಹತ್ತಿರದವು. ದೂರದ ದಾರಿಗೆ ಹೊರಡುವವನು ಬುತ್ತಿಯಲ್ಲಿ ಎಷ್ಟಿದೆಯೆಂದು ಹೊರಡುವ ಮೊದಲೇ ನೋಡಿಕೊಳ್ಳುತ್ತಾನೆ. ಅದನ್ನು ಯಾರೂ ದುರಾಸೆಯೆನ್ನುವುದಿಲ್ಲ.

ಆದ್ದರಿಂದ ನನ್ನದೊಂದು ಸಣ್ಣ ಸೂಚನೆ. ದೇಶಕ್ಕೆ ಕಾನೂನು ಬರುವಾಗ ಬರಲಿ. ನಮ್ಮ ಪತ್ರಿಕೆಯಲ್ಲಿ, ನಮ್ಮ ಸಂಘದ ನೋಟೀಸು ಹಲಗೆಯಲ್ಲಿ ‘ಕೆಲಸಕ್ಕೆ ಜನ ಬೇಕಾಗಿದ್ದಾರೆ’ ಎಂದು ಪ್ರಕಟಿಸುವಾಗ ಸಂಬಳ ಇಷ್ಟರಿಂದ ಇಷ್ಟರವರೆಗೆ, ಊಟ ವಸತಿ ಸೇರಿ ಅಥವಾ ಬಿಟ್ಟು, ಎಂದು ಕಡ್ಡಾಯವಾಗಿ ಬರೆಯೋಣ. ಬರೆಯದ ಸೂಚನೆಯನ್ನು ಹಾಕದಿರೋಣ. ನಮ್ಮ ಸದಸ್ಯರಲ್ಲಿ ಮಾಲಿಕರೂ ಇದ್ದಾರೆ, ಕೆಲಸ ಹುಡುಕುವವರ ತಂದೆತಾಯಂದಿರೂ ಇದ್ದಾರೆ. ಇಬ್ಬರಿಗೂ ಇದರಿಂದ ವೇಳೆ ಉಳಿಯುತ್ತದೆ, ಮನಸ್ತಾಪ ತಪ್ಪುತ್ತದೆ. ಕಾರ್ಯಕಾರಿ ಸಮಿತಿಯವರು ಇದನ್ನು ಪರಿಶೀಲಿಸಬೇಕಾಗಿ ಪ್ರಾರ್ಥನೆ.

ಆ ಹುಡುಗನ ಸಂಗತಿ ಏನಾಯಿತೆಂದು ಕೆಲವರಾದರೂ ಕೇಳಬಹುದು. ನಿರೀಕ್ಷಿಸುವ ಸಂಬಳದ ಅಂಕಣದಲ್ಲಿ, ‘ಈ ಹುದ್ದೆಯ ವೇತನ ಶ್ರೇಣಿಯನ್ನು ದಯವಿಟ್ಟು ತಿಳಿಸಿ’ ಎಂದು ಬರೆಯಲು ಹೇಳಿದೆ. ಬರೆದ. ಮರುದಿನ ಉತ್ತರ ಬಂತು: ‘ಮೊದಲು ನಿಮ್ಮ ಈಗಿನ ಸಂಬಳ ತಿಳಿಸಿ.’ ಅವನು ಅದನ್ನು ನನಗೆ ತೋರಿಸಿ ನಕ್ಕ. ನನಗೆ ಮಾತ್ರ ಕುಂದಾಪುರದ ಆ ತಾಯಿಯ ನೆನಪಾಯಿತು. ಅವಳು ಕೇಳಿದ್ದು ಸರಿಯಾದ ಪ್ರಶ್ನೆಯನ್ನೇ.